ಗೋಡೆ ಪಕ್ಕದ ಮೇಜು

ಸಿನಿಮಾ ಅನ್ನೋದು ಹೊಟ್ಟೆ ತುಂಬಿದವರ ಮಾತು, ಅದರಲ್ಲೂ ಹಾಲಿವುಡ್ ಸಿನಿಮಾ ನಮಗ್ಯಾಕೆ ಅಂತ ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ಮುರಿಯಲಿ. ನಾನು ಹೇಳಹೊರಟಿರುವುದು ಆ ಸಿನಿಮಾಗಳ ಅಡುಗೆಮನೆಯ ಮಾತು. ದೊಡ್ಡ ಬಂಗಲೆ, ಅಗಲವಾದ ಮೆಟ್ಟಿಲು, ಪಿಯಾನೋ. ಬಿಳೀ ನಾಯಕಿ ಅಳುತ್ತಾ ನಗುತ್ತಾ ಓಡಾಡುತ್ತಿರುತ್ತಾಳೆ. ಅವಳ ಹಿಂದೆ ಬಟ್ಟೆ ಹಿಡಿದು, ತಟ್ಟೆ ಹಿಡಿದು, ತಲೆಗೆ ವಸ್ತ್ರ ಕಟ್ಟಿಕೊಂಡು ಒಬ್ಬ ದಪ್ಪನೆಯ ಕಪ್ಪು ಹೆಂಗಸು ಬರುತ್ತಾಳೆ. ನಾಲ್ಕು ಮಾತು ಬೈದು, ನೋಡುವವರನ್ನು ನಗಿಸಿ, ಮತ್ತೆ ಬಾಗಿಲ ಹಿಂದೆ ಹೋಗುತ್ತಾಳೆ. 1930 ಮತ್ತು 40ರ ದಶಕದ ಅಮೆರಿಕದ ಚಿತ್ರಗಳಲ್ಲಿ ಆ ಹೆಂಗಸಿನ ಮುಖ ಬಹಳ ಸಲ ಒಂದೇ. ಆ ಮುಖದವಳ ಹೆಸರು ಹ್ಯಾಟಿ ಮೆಕ್‌ಡೇನಿಯಲ್.

ಆಸ್ಕರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ ಅಂತ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಸಾಲು ಇರುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಾನೂ ಮೇಷ್ಟ್ರಾಗಿ ಅದನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಆ ಪ್ರಶಸ್ತಿ ತಗೊಳ್ಳೋಕೆ ಆಕೆ ಎಲ್ಲಿಂದ ಎದ್ದು ಬಂದಳು, ತಗೊಂಡು ಎಲ್ಲಿಗೆ ಹೋಗಿ ಕೂತಳು ಅನ್ನೋದು ಆ ಸಾಲಿನಲ್ಲಿಲ್ಲ. ನಮಗೆ ಬೇಕಾಗಿರುವುದು ಅದೇ.

ಹ್ಯಾಟಿ ಹುಟ್ಟಿದ್ದು 1893ರಲ್ಲಿ, ಕ್ಯಾನ್ಸಾಸ್ ರಾಜ್ಯದ ವಿಚಿಟಾದಲ್ಲಿ. 13 ಮಕ್ಕಳಲ್ಲಿ ಕೊನೆಯವಳು. ಅಪ್ಪ ಹೆನ್ರಿ, ಅಮ್ಮ ಸೂಸನ್. ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಅಮೆರಿಕದ ಅಂತರ್ಯುದ್ಧದಲ್ಲಿ ಹೆನ್ರಿ ಕಪ್ಪು ಜನರ ಪಡೆಯೊಂದರಲ್ಲಿ ಸೇರಿ, ಗುಲಾಮಗಿರಿಯನ್ನು ಉಳಿಸಲು ನಿಂತಿದ್ದ ದಕ್ಷಿಣದವರ ವಿರುದ್ಧ ಹೋರಾಡಿದವನು. ಗಾಯ ಮಾಡಿಕೊಂಡು ಬಂದವನಿಗೆ ಪಿಂಚಣಿ ಸಿಗಲು ವರ್ಷಗಟ್ಟಲೆ ಅರ್ಜಿ ಹಾಕಬೇಕಾಯಿತು. ತಾಯಿ ಚರ್ಚಿನಲ್ಲಿ ಹಾಡುತ್ತಿದ್ದಳು, ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಸಂಸಾರ ಕೊಲೊರಾಡೋದ ಡೆನ್ವರ್‌ಗೆ ಬಂತು. 1910ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಪದ್ಯ ಓದುವ ಸ್ಪರ್ಧೆಯಲ್ಲಿ ಹುಡುಗಿಗೆ ಪದಕ ಬಂತು.

ಆಮೇಲೆ ಅಣ್ಣಂದಿರು ಅಕ್ಕಂದಿರ ಜೊತೆ ಮಿನ್‌ಸ್ಟ್ರೆಲ್ ಆಟದ ಕಂಪನಿಗಳಲ್ಲಿ ತಿರುಗಿದಳು. ಈ ಮಿನ್‌ಸ್ಟ್ರೆಲ್ ಅನ್ನೋದು ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸಲು ಹುಟ್ಟುಹಾಕಿದ ಆಟ. ಮುಂದೆ ಕರಿಯರೇ ಅದರೊಳಕ್ಕೆ ಹೊಕ್ಕು ಹೊಟ್ಟೆಪಾಡು ಮಾಡಿಕೊಂಡರು. ಹ್ಯಾಟಿ ಹಾಡು ಬರೆದಳು, ರೇಡಿಯೋದಲ್ಲಿ ಹಾಡಿದಳು, 1926ರಿಂದ 29ರವರೆಗೆ ಬ್ಲೂಸ್ ಹಾಡುಗಳ ತಟ್ಟೆಗಳನ್ನೂ ಕೊಟ್ಟಳು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ನಾಟಕ ಕಂಪನಿಗಳು ನೆಲಕಚ್ಚಿದವು. ಮಿಲ್ವಾಕಿ ನಗರದ ಹತ್ತಿರ ಒಂದು ಕ್ಲಬ್ಬಿನಲ್ಲಿ ಆಕೆಗೆ ಸಿಕ್ಕ ಕೆಲಸ ಹೆಂಗಸರ ಕಕ್ಕಸುಮನೆಯಲ್ಲಿ ನಿಂತು ಟವೆಲು ಕೊಡುವುದು. ಬಿಳೀ ಗಿರಾಕಿಗಳ ಆ ಕ್ಲಬ್ಬಿನ ವೇದಿಕೆಗೆ ಈಕೆಯನ್ನು ಹತ್ತಿಸುವ ಮನಸ್ಸು ಯಜಮಾನನಿಗಿರಲಿಲ್ಲ. ಕೊನೆಗೊಂದು ದಿನ ಹತ್ತಿಸಿದ. ಹಾಡಿದಳು. ಗಿರಾಕಿಗಳು ಮತ್ತೆ ಮತ್ತೆ ಹಾಡಿಸಿದರು.

1931ರಲ್ಲಿ ಲಾಸ್ ಏಂಜಲೀಸ್‌ಗೆ ಬಂದಳು. ಅಣ್ಣ ಸ್ಯಾಮ್ ಅಲ್ಲಿ ರೇಡಿಯೋದಲ್ಲಿದ್ದ. ಈಕೆಗೂ ಒಂದು ಪಾತ್ರ ಕೊಡಿಸಿದ. ಯಜಮಾನರಿಗೇ ಜೋರು ಮಾಡುವ ಕೆಲಸದವಳ ಪಾತ್ರ. ಆ ಪಾತ್ರಕ್ಕೆ ಸಿಗುತ್ತಿದ್ದ ದುಡ್ಡಿನಲ್ಲಿ ಜೀವನ ಸಾಗುತ್ತಿರಲಿಲ್ಲ. ಅದಕ್ಕೆ ಹ್ಯಾಟಿ ನಿಜವಾಗಿಯೂ ಮನೆಗೆಲಸಕ್ಕೆ ಹೋಗುತ್ತಿದ್ದಳು. ರೇಡಿಯೋದಲ್ಲಿ ಕೆಲಸದವಳು, ರೇಡಿಯೋ ಮುಗಿಸಿ ಬಂದರೂ ಕೆಲಸದವಳು. 1932ರಲ್ಲಿ ಮೊದಲ ಸಿನಿಮಾ. ಅಲ್ಲಿಯೂ ಮನೆಯಾಳು.

ಹಾಲಿವುಡ್ಡಿನ ಆ ಕಾಲದ ವ್ಯವಸ್ಥೆ ಒಂದಿಷ್ಟು ತಿಳಿದರೆ ಇದು ಯಾಕೆ ಅಂತ ಅರ್ಥವಾಗುತ್ತದೆ. ಐದಾರು ದೊಡ್ಡ ಸ್ಟುಡಿಯೋಗಳು. ಚಿತ್ರ ಮಾಡೋರೂ ಅವರೇ, ಹಂಚೋರೂ ಅವರೇ, ದೊಡ್ಡ ದೊಡ್ಡ ಟಾಕೀಸುಗಳ ಒಡೆಯರೂ ಅವರೇ. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇಡ ಅನ್ನೋವರೆಗೂ ಹೀಗೇ ನಡೆಯಿತು. ನಟ ನಟಿಯರನ್ನು ಏಳೇಳು ವರ್ಷದ ಒಪ್ಪಂದಕ್ಕೆ ಕಟ್ಟಿಹಾಕುತ್ತಿದ್ದರು. ಬೇರೆ ಕಂಪನಿಗೆ ಬಾಡಿಗೆಗೆ ಕೊಡುತ್ತಿದ್ದರು, ಎತ್ತು ಬಾಡಿಗೆಗೆ ಕೊಟ್ಟ ಹಾಗೆ. ಬಿಳಿಯರ ಪಾಡೂ ಇದೇ. ಆದರೆ ಬಿಳಿಯಳಿಗೆ ನಾಯಕಿಯಾಗುವ ಆಸೆಯಾದರೂ ಇತ್ತು. ಕಪ್ಪು ಹೆಂಗಸಿಗೆ ಆ ದಾರಿಯನ್ನೇ ಬರಹದಲ್ಲಿ ಮುಚ್ಚಿಬಿಟ್ಟಿದ್ದರು. ಚಿತ್ರಗಳಲ್ಲಿ ಏನು ತೋರಿಸಬಹುದು, ಏನು ತೋರಿಸಬಾರದು ಅಂತ 1930ರಲ್ಲಿ ಸ್ಟುಡಿಯೋಗಳು ಒಂದು ಕಟ್ಟಳೆ ಬರೆದುಕೊಂಡವು. 1934ರಿಂದ ಬಿಗಿಯಾಗಿ ಜಾರಿಗೆ ತಂದವು. ಕರಿಯರಿಗೂ ಬಿಳಿಯರಿಗೂ ಗಂಡುಹೆಣ್ಣಿನ ಸಂಬಂಧ ತೋರಿಸಕೂಡದು ಅನ್ನೋದು ಅದರಲ್ಲಿ ಒಂದು ಕಲಮು. ನಾಯಕ ಬಿಳಿಯ ಅಂದಮೇಲೆ ನಾಯಕಿ ಕಪ್ಪಗಿರುವ ಹಾಗಿಲ್ಲ. ಸಾಲದ್ದಕ್ಕೆ ದಕ್ಷಿಣದ ರಾಜ್ಯಗಳ ಟಾಕೀಸಿನವರ ಹೆದರಿಕೆ ಬೇರೆ. ಕರಿಯರು ಸ್ವಲ್ಪ ಘನತೆಯಿಂದ ಕಾಣಿಸಿಕೊಂಡ ದೃಶ್ಯಗಳನ್ನು ಅಲ್ಲಿ ಕತ್ತರಿಸಿ ಹಾಕುತ್ತಿದ್ದರು. ಚೆಲುವೆ ಗಾಯಕಿ ಲೀನಾ ಹಾರ್ನ್ 1942ರಲ್ಲಿ ಎಂಜಿಎಂ ಸೇರಿದಾಗ ಆಕೆಯ ಹಾಡುಗಳನ್ನು ಕತೆಗೆ ಅಂಟದ ಹಾಗೆ ಇಡುತ್ತಿದ್ದರು, ಕತ್ತರಿಸಲು ಸುಲಭವಾಗಲಿ ಅಂತ. ಅಡುಗೆಮನೆಯವಳನ್ನು ಮಾತ್ರ ಯಾರೂ ಕತ್ತರಿಸಲಿಲ್ಲ. ಅವಳು ಅವರಿಗೆ ಬೇಕಾಗಿದ್ದಳು.

ಹ್ಯಾಟಿ ಸುಮಾರು 300 ಚಿತ್ರಗಳಲ್ಲಿ ಮುಖ ತೋರಿಸಿದಳು ಅಂತ ಹೇಳುತ್ತಾರೆ. ತೆರೆಯ ಮೇಲೆ ಹೆಸರು ಬಂದದ್ದು ಸುಮಾರು 80ರಲ್ಲಿ. 1935ರ 'ಆಲಿಸ್ ಆಡಮ್ಸ್' ಚಿತ್ರದಲ್ಲಿ ಒಂದು ಊಟದ ದೃಶ್ಯವಿದೆ. ಇಲ್ಲದ ಶ್ರೀಮಂತಿಕೆ ತೋರಿಸಿಕೊಳ್ಳಲು ಒಂದು ಬಿಳೀ ಕುಟುಂಬ ಒಂದು ದಿನದ ಮಟ್ಟಿಗೆ ಕೆಲಸದವಳನ್ನು ಗೊತ್ತುಮಾಡಿಕೊಂಡಿದೆ. ನಾಯಕಿ ಕ್ಯಾಥರೀನ್ ಹೆಪ್‌ಬರ್ನ್ ನಾಜೂಕಿನ ಮಾತಾಡುತ್ತಿದ್ದಾಳೆ. ಹ್ಯಾಟಿ ಬೇಸರದ ಮುಖ ಹೊತ್ತು, ಜಾರುವ ತಲೆವಸ್ತ್ರದಲ್ಲಿ, ಬೇಕೋ ಬೇಡವೋ ಅನ್ನೋ ಹಾಗೆ ಬಡಿಸುತ್ತಾಳೆ. ಒಂದು ಮಾತೂ ಎದುರಾಡದೆ ಆ ಮನೆಯವರ ಸೋಗನ್ನೆಲ್ಲ ಬಯಲು ಮಾಡಿಬಿಡುತ್ತಾಳೆ.

ಅದನ್ನು ನೋಡಿದಾಗ ನನಗೆ ನಮ್ಮವ್ವ ನೆನಪಾದಳು. ಅವ್ವ ಊರಿನ ಒಂದು ದೊಡ್ಡಮನೆಯ ಕೊಟ್ಟಿಗೆ ಬಾಚಲು ಹೋಗುತ್ತಿದ್ದಳು. ಅವಳ ಕಾಫಿಗೆ ಅಂತ ಒಂದು ತೆಂಗಿನ ಚಿಪ್ಪು ಸೂರಿನ ಸಂದಿಯಲ್ಲಿ ಇರುತ್ತಿತ್ತು. ಅಲ್ಲಿ ತಲೆ ಎತ್ತಿ ಮಾತಾಡಿದವಳಲ್ಲ. ರಾತ್ರಿ ಒಲೆ ಮುಂದೆ ಕೂತಾಗ ನೋಡಬೇಕಿತ್ತು. ಆ ಮನೆಯ ಯಜಮಾನಮ್ಮನ ನಡಿಗೆ, ಕೊಂಕು, ನೆಂಟರು ಬಂದಾಗ ಎಳೆದೆಳೆದು ಆಡುವ ಮಾತು, ಎಲ್ಲವನ್ನೂ ಆಡಿ ತೋರಿಸೋಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅಪ್ಪ ಮಾತ್ರ ಬಾಗಿಲ ಕಡೆ ನೋಡಿ, "ಮೆತ್ತುಗೆ ಕಣೇ, ಯಾರಾದ್ರೂ ಕೇಳುಸ್ಕಂಡಾರು" ಅನ್ನೋನು. ನಮ್ಮವ್ವ ಒಲೆ ಮುಂದೆ ಆಡಿದ ಆಟವನ್ನ ಹ್ಯಾಟಿ ಯಜಮಾನರ ಎದುರಿಗೇ, ಅವರ ದುಡ್ಡಿನಲ್ಲೇ ಆಡಿದಳು. ಇದು ಸಣ್ಣ ಮಾತಲ್ಲ. ಆದರೆ ಇನ್ನೊಂದು ಮಾತೂ ಇದೆ. ತೆರೆಯ ಮೇಲೆ ಆಕೆ ಎಷ್ಟೇ ಬೈದರೂ ಆ ಬೈಗುಳ ಕೊನೆಗೆ ಯಜಮಾನರ ಮನೆಯ ಮಾನ ಕಾಯಲಿಕ್ಕೇ ಇರುತ್ತಿತ್ತು. ತನ್ನ ಮನೆ, ತನ್ನ ಮಕ್ಕಳು, ತನ್ನ ಕೂಲಿಗಾಗಿ ಆಕೆ ಬೈದ ದೃಶ್ಯವನ್ನು ಯಾರೂ ಬರೆಯಲಿಲ್ಲ.

'ಗಾನ್ ವಿತ್ ದಿ ವಿಂಡ್' ಚಿತ್ರದಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಮಾರ್ಗರೆಟ್ ಮಿಚೆಲ್ 1936ರಲ್ಲಿ ಪ್ರಕಟಿಸಿದ ಕಾದಂಬರಿ. ಡೇವಿಡ್ ಸೆಲ್ಜ್‌ನಿಕ್ 1939ರಲ್ಲಿ ಚಿತ್ರ ಮಾಡಿದ. ಅದರಲ್ಲಿ ಮ್ಯಾಮಿ ಅನ್ನೋ ದಾಸಿಯ ಪಾತ್ರಕ್ಕೆ ದೊಡ್ಡ ಪೈಪೋಟಿ ಇತ್ತು. ತಮ್ಮ ಮನೆಯ ಕೆಲಸದವಳಿಗೇ ಆ ಪಾತ್ರ ಕೊಡಿ ಅಂತ ಅಮೆರಿಕದ ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಶಿಫಾರಸು ಮಾಡಿದ್ದರು. ಹ್ಯಾಟಿ ಕೆಲಸದವಳ ಉಡುಪಿನಲ್ಲೇ ಪರೀಕ್ಷೆಗೆ ಹೋಗಿ ಪಾತ್ರ ಗೆದ್ದಳು ಅಂತ ಹೇಳುತ್ತಾರೆ.

ಹಾಸ್ಟೆಲಿನಲ್ಲಿದ್ದಾಗ ಫಿಲಂ ಸೊಸೈಟಿಯವರು ಹಾಕಿದ ಈ ಚಿತ್ರವನ್ನು ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಸುಮಾರು ನಾಲ್ಕು ಗಂಟೆಯ ಚಿತ್ರ. ಹತ್ತಿ ತೋಟಗಳ ಒಡೆಯರ ವೈಭವ, ಯುದ್ಧ, ಆ ವೈಭವ ಹೋಯಿತಲ್ಲ ಅನ್ನೋ ಗೋಳು. ಅಕ್ಕಪಕ್ಕದವರು ನಾಯಕಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮ್ಯಾಮಿಯನ್ನು ನೋಡುತ್ತಿದ್ದೆ. ಅವಳಿಗೊಂದು ಹೆಸರಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ. ಗುಲಾಮಗಿರಿ ಮುಗಿದ ಮೇಲೂ ಅವಳು ಒಡತಿಯನ್ನು ಬಿಟ್ಟು ಹೋಗುವುದಿಲ್ಲ. ಯಾಕೆ ಹೋಗಲಿಲ್ಲ ಅಂತ ಚಿತ್ರ ಕೇಳುವುದೂ ಇಲ್ಲ. ಗುಲಾಮಗಿರಿಯೆಂದರೆ ಒಂದು ಪ್ರೀತಿಯ ದೊಡ್ಡ ಸಂಸಾರ ಅನ್ನೋ ಸುಳ್ಳನ್ನ ಆ ಚಿತ್ರ ಬಣ್ಣದಲ್ಲಿ ಬರೆಯಿತು. ಆ ಸುಳ್ಳನ್ನು ಜನ ನಂಬುವ ಹಾಗೆ ಆಡಿದವಳು ಗುಲಾಮರ ಮಗಳು, ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದವನ ಮಗಳು. ಕಪ್ಪು ಪತ್ರಿಕೆಗಳೂ ಸಂಘಟನೆಗಳೂ ಗಲಾಟೆ ಮಾಡಿದ್ದರಿಂದ ಕರಿಯರನ್ನು ಹಳಿಯುವ ಅತಿ ಕೆಟ್ಟ ಪದವೊಂದನ್ನು ಸೆಲ್ಜ್‌ನಿಕ್ ಸಂಭಾಷಣೆಯಿಂದ ತೆಗೆಸಿದ. ಪದ ಹೋಯಿತು, ಸುಳ್ಳು ಉಳಿಯಿತು.

1939ರ ಡಿಸೆಂಬರ್ 15ರಂದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಮೊದಲ ಪ್ರದರ್ಶನ. ಊರಿಗೆ ಊರೇ ಜಾತ್ರೆ. ಅಲ್ಲಿನ ಕಾನೂನಿನ ಪ್ರಕಾರ ಬಿಳಿಯರ ಟಾಕೀಸಿನಲ್ಲಿ ಕರಿಯರು ಜೊತೆಗೆ ಕೂರುವಂತಿಲ್ಲ. ಹೀಗಾಗಿ ಚಿತ್ರದ ಕಪ್ಪು ಕಲಾವಿದರು ಯಾರೂ ಹೋಗಲಿಲ್ಲ. ಅಲ್ಲಿ ಹಂಚಿದ ಪುಸ್ತಿಕೆಯಿಂದ ಹ್ಯಾಟಿಯ ಚಿತ್ರವನ್ನೂ ತೆಗೆದರು. ನಾಯಕ ಕ್ಲಾರ್ಕ್ ಗೇಬಲ್, ಹಾಗಾದರೆ ನಾನೂ ಹೋಗೋದಿಲ್ಲ ಅಂತ ಹಟ ಹಿಡಿದನಂತೆ. ಹ್ಯಾಟಿಯೇ ಹೇಳಿ ಕಳಿಸಿದಳಂತೆ.

1940ರ ಫೆಬ್ರವರಿ 29ರ ರಾತ್ರಿ ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಸಮಾರಂಭ. ಜಾರ್ಜಿಯಾ ದಕ್ಷಿಣದಲ್ಲಿದೆ, ಅಲ್ಲಿ ಹಾಗೆ ಅನ್ನಬಹುದು. ಇದು ಕ್ಯಾಲಿಫೋರ್ನಿಯಾ, ಸಿನಿಮಾದವರ ಸ್ವಂತ ಊರು. ಆ ಹೋಟೆಲಿಗೂ ಕರಿಯರಿಗೆ ಪ್ರವೇಶವಿರಲಿಲ್ಲ. ಸೆಲ್ಜ್‌ನಿಕ್ ವಿಶೇಷ ಅನುಮತಿ ಕೇಳಬೇಕಾಯಿತು. ಚಿತ್ರದ ಉಳಿದವರೆಲ್ಲ ಒಂದು ಮೇಜಿನ ಸುತ್ತ ಕೂತರು. ಹ್ಯಾಟಿಗೆ ದೂರದಲ್ಲಿ, ಗೋಡೆ ಪಕ್ಕ, ಒಂದು ಚಿಕ್ಕ ಮೇಜು. ಜೊತೆಗೆ ಬಂದಿದ್ದ ಕಪ್ಪು ಗೆಳೆಯ ಮತ್ತು ಆಕೆಯ ಬಿಳೀ ಏಜೆಂಟು ಅಷ್ಟೇ ಆ ಮೇಜಿಗೆ. ಅತ್ಯುತ್ತಮ ಪೋಷಕ ನಟಿ ಅಂತ ಹೆಸರು ಕೂಗಿದರು. ಅದೇ ಚಿತ್ರದ ಬಿಳೀ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಕೂಡ ಆ ಪ್ರಶಸ್ತಿಯ ಪಟ್ಟಿಯಲ್ಲಿದ್ದಳು. ಹ್ಯಾಟಿ ತಲೆಯಲ್ಲಿ ಬಿಳೀ ಗಾರ್ಡೇನಿಯಾ ಹೂ ಮುಡಿದು ಬಂದಳು. ನನ್ನ ಜನಕ್ಕೂ ಈ ಉದ್ಯಮಕ್ಕೂ ಹೆಸರು ತರುವವಳಾಗಿರಲಿ ಎಂಬರ್ಥದ ನಾಲ್ಕು ಮಾತಾಡಿದಳು, ಕಣ್ಣೀರು ತಡೆಯಲಾಗದೆ ಹೋದಳು. ಕೂರಲು ಹೋದದ್ದು ಮತ್ತೆ ಆ ಗೋಡೆ ಪಕ್ಕದ ಮೇಜಿಗೇ.

ಪ್ರಶಸ್ತಿ ಬಂದ ಮೇಲಾದರೂ ಬೇರೆ ಪಾತ್ರ ಸಿಕ್ಕಿತೇ? ಸೆಲ್ಜ್‌ನಿಕ್ ಆಕೆಯನ್ನು ಮ್ಯಾಮಿಯ ವೇಷದಲ್ಲೇ ಊರೂರಿಗೆ ವೇದಿಕೆ ಪ್ರದರ್ಶನಕ್ಕೆ ಕಳಿಸಿದ, ಬೇರೆ ಸ್ಟುಡಿಯೋಗಳಿಗೆ ಬಾಡಿಗೆಗೆ ಕೊಟ್ಟ. ಮತ್ತೆ ಕೆಲಸದವಳು, ಮತ್ತೆ ಕೆಲಸದವಳು. 1942ರ 'ಇನ್ ದಿಸ್ ಅವರ್ ಲೈಫ್' ಚಿತ್ರದಲ್ಲಿ ಮಾತ್ರ, ಬಿಳೀ ಹೆಣ್ಣೊಬ್ಬಳು ಮಾಡಿದ ಅಪರಾಧವನ್ನು ತನ್ನ ಓದುವ ಮಗನ ತಲೆಗೆ ಕಟ್ಟಿದಾಗ ನಿಜ ಹೇಳುವ ತಾಯಿಯಾಗಿ ಒಂದೆರಡು ದೃಶ್ಯ ಸಿಕ್ಕವು. ಅಲ್ಲಿಯೂ ಕೆಲಸದವಳೇ. ಆದರೆ ಅಲ್ಲಿ ಆಕೆಗೆ ಒಬ್ಬ ಮಗನಿದ್ದ.

ಅದೇ 1942ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಮುಖಂಡ ವಾಲ್ಟರ್ ವೈಟ್ ಹಾಲಿವುಡ್ಡಿಗೆ ಬಂದು ಸ್ಟುಡಿಯೋ ಒಡೆಯರ ಜೊತೆ ಮಾತಾಡಿದ. ಕರಿಯರನ್ನು ಬರೀ ಆಳುಗಳಾಗಿ, ಕೋಡಂಗಿಗಳಾಗಿ ತೋರಿಸುವುದನ್ನು ನಿಲ್ಲಿಸಿ ಅಂದ. ನ್ಯಾಯವಾದ ಮಾತು. ಚಿಕ್ಕ ಹುಡುಗನಾಗಿ ಮಿಶಿಗನ್‌ನ ಒಂದು ಟಾಕೀಸಿನಲ್ಲಿ ಆ ದೊಡ್ಡ ಚಿತ್ರ ನೋಡಿದ ಮಾಲ್ಕಂ ಎಕ್ಸ್, ಬಟರ್‌ಫ್ಲೈ ಮೆಕ್‌ಕ್ವೀನ್ ಆಡಿದ ಇನ್ನೊಬ್ಬ ದಾಸಿಯ ಪಾತ್ರ ಬಂದಾಗ ತಾನೊಬ್ಬನೇ ಕರಿಯನಾಗಿದ್ದ ಆ ಜಾಗದಲ್ಲಿ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು ಅಂತ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ತೆರೆ ಮೇಲಿನ ಒಂದು ಪಾತ್ರ ಕತ್ತಲಲ್ಲಿ ಕೂತ ಒಬ್ಬ ಹುಡುಗನ ಮೈ ಮೇಲೆ ಎಷ್ಟು ಗಾಯ ಮಾಡಬಲ್ಲುದು!

ಆದರೆ ಹ್ಯಾಟಿಯಂಥವರನ್ನು ಕೂರಿಸಿಕೊಂಡು ಯಾರೂ ಕೇಳಲಿಲ್ಲ. ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತಿದೆ ಅಂತ ಆಕೆಗೂ ಆಕೆಯ ಸಂಗಡಿಗರಿಗೂ ಅನ್ನಿಸಿತು. ಕೆಲಸದವಳಾಗಿ ದುಡಿದು ವಾರಕ್ಕೆ 7 ಡಾಲರ್ ಪಡೆಯೋ ಬದಲು ಕೆಲಸದವಳ ಪಾತ್ರ ಆಡಿ 700 ಡಾಲರ್ ಪಡೆಯುತ್ತೇನೆ ಎಂಬ ಅರ್ಥದ ಮಾತು ಆಕೆಯ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ. ಇದನ್ನು ಬರೀ ದುಡ್ಡಿನ ಆಸೆ ಅನ್ನುವವರು ಟವೆಲು ಹಿಡಿದು ಕಕ್ಕಸುಮನೆಯಲ್ಲಿ ನಿಂತವಳನ್ನು ಮರೆತಿದ್ದಾರೆ. ಒಲ್ಲೆ ಅಂದವರ ಕತೆಯೂ ಇದೆ. ಫ್ರೆಡಿ ವಾಷಿಂಗ್ಟನ್ ಅನ್ನೋ ನಟಿ ನೋಡಲು ಬಿಳಿಯಳಂತೆಯೇ ಇದ್ದಳು. ಬಿಳಿಯಳು ಅಂತ ಹೇಳಿಕೊಂಡಿದ್ದರೆ ನಾಯಕಿಯಾಗಬಹುದಿತ್ತು. ನಾನು ಕಪ್ಪು ಹೆಂಗಸು ಅಂದಳು. 1937ರ ಹೊತ್ತಿಗೆ ಆಕೆಯ ಸಿನಿಮಾ ಬದುಕು ಮುಗಿಯಿತು. ಆಕೆ ಕಪ್ಪು ಕಲಾವಿದರ ಸಂಘ ಕಟ್ಟಲು ನಿಂತಳು. ಒಪ್ಪಿಕೊಂಡವಳಿಗೆ ಅಡುಗೆಮನೆ, ಒಪ್ಪದವಳಿಗೆ ಬೀದಿ. ಆಯ್ಕೆ ಅಂತ ಸ್ಟುಡಿಯೋ ಕೊಟ್ಟದ್ದು ಇಷ್ಟೇ.

ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ಅವ್ವನನ್ನು ಕೇಳಿದ್ದುಂಟು: "ಆ ಮನೆ ಚಿಪ್ಪಲ್ಲಿ ಕಾಫಿ ಕುಡ್ಯಾಕೆ ಯಾಕವ್ವ ಹೋಯ್ತೀಯ?" ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ನೀನು ಇದನ್ನ ಕೇಳೋ ಹಂಗಾಗ್ಲಿ ಅಂತ ಕಣ್ ಮಗ" ಅಂದಳು. ಇಷ್ಟು ವರ್ಷವಾದರೂ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಆ ಪ್ರಶ್ನೆ ಕೇಳಲೇಬೇಕಾದ್ದು. ಆ ಉತ್ತರವನ್ನು ತಲೆಬಾಗಿ ಕೇಳಿಸಿಕೊಳ್ಳಬೇಕಾದ್ದು. ಚಿಪ್ಪು ಮುರಿಯಬೇಕು ಗೆಳೆಯರೆ, ಅದರಲ್ಲಿ ಕುಡಿದವರನ್ನಲ್ಲ. ಹಾಗೆಯೇ ಮ್ಯಾಮಿಯನ್ನು ನಾನು ಒಪ್ಪಲಾರೆ, ಹ್ಯಾಟಿಯನ್ನು ಬಿಟ್ಟುಕೊಡಲಾರೆ.

ಬಿಟ್ಟುಕೊಡದಿರಲು ಇನ್ನೊಂದು ಕಾರಣ ಇದೆ. ತೆರೆಯ ಮೇಲೆ ಬಂಡೇಳಲು ಬಿಡದಿದ್ದ ಆ ಹೆಂಗಸು ಬೀದಿಯಲ್ಲಿ ಬಂಡೆದ್ದಳು. ಲಾಸ್ ಏಂಜಲೀಸ್‌ನ ವೆಸ್ಟ್ ಆಡಮ್ಸ್ ಹೈಟ್ಸ್ ಅನ್ನೋ ಬಡಾವಣೆಯಲ್ಲಿ ದೊಡ್ಡ ಮನೆಯೊಂದನ್ನು ಕೊಂಡಳು. ಜನ ಅದನ್ನು ಶುಗರ್ ಹಿಲ್ ಅನ್ನುತ್ತಿದ್ದರು. ಅಲ್ಲಿನ ಜಮೀನಿನ ಪತ್ರಗಳಲ್ಲಿ ಕರಿಯರಿಗೆ ಮಾರಕೂಡದು ಅನ್ನೋ ಷರತ್ತಿತ್ತು. ಬಿಳೀ ನೆರೆಯವರು ಕೋರ್ಟಿಗೆ ಹೋದರು. ಹ್ಯಾಟಿ, ನಟಿಯರಾದ ಲೂಯಿಸ್ ಬೀವರ್ಸ್, ಎಥೆಲ್ ವಾಟರ್ಸ್ ಮುಂತಾದ ಕಪ್ಪು ನಿವಾಸಿಗಳು ಮನೆ ಖಾಲಿ ಮಾಡಲಿಲ್ಲ. ಒಗ್ಗಟ್ಟಾಗಿ ನಿಂತರು. ಲೋರನ್ ಮಿಲ್ಲರ್ ಅನ್ನೋ ಕಪ್ಪು ವಕೀಲ ವಾದಿಸಿದ. ಸಂವಿಧಾನದ 14ನೇ ತಿದ್ದುಪಡಿ ಕೊಟ್ಟ ಸಮಾನ ಹಕ್ಕು ಕಪ್ಪು ಜನಕ್ಕೆ ಪೂರ್ತಿಯಾಗಿ ಸಿಗುವ ಕಾಲ ಬಂದಿದೆ ಅಂತ ಹೇಳಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ 1945ರ ಡಿಸೆಂಬರ್‌ನಲ್ಲಿ ದಾವೆಯನ್ನು ವಜಾ ಮಾಡಿದ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಷರತ್ತುಗಳನ್ನು ಯಾವ ಕೋರ್ಟೂ ಜಾರಿ ಮಾಡಕೂಡದು ಅಂತ ತೀರ್ಪು ಕೊಟ್ಟಾಗ ಅಲ್ಲಿಯೂ ವಾದಿಸಿದವರಲ್ಲಿ ಅದೇ ಮಿಲ್ಲರ್ ಇದ್ದ. ಕೇರಿಯಾಚೆ ಬಾಡಿಗೆ ಮನೆ ಹುಡುಕಿ ಜಾತಿ ಕೇಳಿಸಿಕೊಂಡ ನಮ್ಮ ನೌಕರ ಗೆಳೆಯರಿಗೆ ಈ ಗೆಲುವು ಎಷ್ಟು ದೊಡ್ಡದು ಅಂತ ವಿವರಿಸಬೇಕಿಲ್ಲ. ಮುಂದೆ 1960ರ ದಶಕದಲ್ಲಿ ಆ ಬಡಾವಣೆಯನ್ನು ಸೀಳಿಕೊಂಡು ಹೆದ್ದಾರಿ ಹಾದುಹೋಯಿತು.

1947ರಲ್ಲಿ ರೇಡಿಯೋದ 'ಬ್ಯೂಲಾ' ಕಾರ್ಯಕ್ರಮ ಆಕೆಯ ಕೈಗೆ ಬಂತು. ಬ್ಯೂಲಾ ಅನ್ನೋಳೂ ಕಪ್ಪು ಕೆಲಸದವಳೇ. ಅದಕ್ಕೂ ಮೊದಲು ಆ ಕಪ್ಪು ಹೆಂಗಸಿನ ದನಿ ಮಾಡುತ್ತಿದ್ದವನು ಒಬ್ಬ ಬಿಳೀ ಗಂಡಸು! ತನ್ನದೇ ಕಾರ್ಯಕ್ರಮ ನಡೆಸಿದ ಮೊದಲ ಕಪ್ಪು ರೇಡಿಯೋ ನಟಿ ಹ್ಯಾಟಿ. ಕರಿಯರನ್ನು ಅಣಕಿಸಲು ಕಟ್ಟಿದ ಆ ಮುರುಕು ಇಂಗ್ಲಿಷನ್ನು ಆಡೋದಿಲ್ಲ ಅಂದಳು, ಆಡಲಿಲ್ಲ. ಟೀವಿಗೆ ಬರುವ ಹೊತ್ತಿಗೆ ಸ್ತನದ ಕ್ಯಾನ್ಸರ್ ಹಿಡಿದಿತ್ತು. 1952ರ ಅಕ್ಟೋಬರ್ 26ರಂದು ತೀರಿಕೊಂಡಳು. ಆಸ್ತಿ ಲೆಕ್ಕ ಹಾಕಿದರೆ 10,000 ಡಾಲರಿಗೂ ಕಡಿಮೆ. ತೆರಿಗೆ ಬಾಕಿ ಅದಕ್ಕಿಂತ ಹೆಚ್ಚು.

ಸಾಯುವ ಮುಂಚೆ ಉಯಿಲಿನಲ್ಲಿ ಎರಡು ಆಸೆ ಬರೆದಿದ್ದಳು. ಪ್ರಶಸ್ತಿ ಫಲಕ ಕಪ್ಪು ಜನರ ಹವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಲಿ ಅನ್ನೋದು ಒಂದು. ಅಲ್ಲಿಗೆ ಸೇರಿದ ಫಲಕ 1970ರ ದಶಕದ ಹೊತ್ತಿಗೆ ಕಾಣೆಯಾಯಿತು. ಬದಲಿ ಪ್ರಶಸ್ತಿಯನ್ನು ಅಕಾಡೆಮಿ ಕೊಟ್ಟದ್ದು 2023ರಲ್ಲಿ. ಇನ್ನೊಂದು ಆಸೆ, ತನ್ನನ್ನು ಸಿನಿಮಾದವರ ಜೊತೆ ಹಾಲಿವುಡ್ ಸ್ಮಶಾನದಲ್ಲಿ ಮಣ್ಣು ಮಾಡಲಿ ಅನ್ನೋದು. ಅದರ ಒಡೆಯ ಕರಿಯರಿಗೆ ಜಾಗವಿಲ್ಲ ಅಂದ. ಸಾವಿರಾರು ಜನ ಸೇರಿ ರೋಸ್‌ಡೇಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ನಮ್ಮ ಎಷ್ಟು ಊರುಗಳಲ್ಲಿ ಹೆಣ ಹೊತ್ತು ದಾರಿಗಾಗಿ ಜಗಳವಾಡಿಲ್ಲ? ಮಹಾತ್ಮ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅಮೆರಿಕದಲ್ಲಿ ಗುಲಾಮರ ವಿಮೋಚನೆಗೆ ದುಡಿದವರಿಗೆ ಅರ್ಪಿಸಿದ್ದು, ಬಾಬಾಸಾಹೇಬರು 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದದ್ದು ಸುಮ್ಮನೆ ಅಲ್ಲ.

ಹ್ಯಾಟಿಯ ನಂತರ ಇನ್ನೊಬ್ಬ ಕಪ್ಪು ಹೆಂಗಸಿಗೆ ನಟನೆಗಾಗಿ ಆಸ್ಕರ್ ಬರಲು 51 ವರ್ಷ ಬೇಕಾಯಿತು: 1991ರಲ್ಲಿ ವೂಪಿ ಗೋಲ್ಡ್‌ಬರ್ಗ್. ಅತ್ಯುತ್ತಮ ನಟಿ ಅನ್ನಿಸಿಕೊಳ್ಳಲು 2002ರಲ್ಲಿ ಹ್ಯಾಲಿ ಬೆರ್ರಿ ಬರಬೇಕಾಯಿತು.

ಆ ಹಾಲಿವುಡ್ ಸ್ಮಶಾನ ಮುಂದೆ ಕೈ ಬದಲಾಯಿತು. 1999ರಲ್ಲಿ ಹೊಸ ಒಡೆಯ ಹ್ಯಾಟಿಯ ಅವಶೇಷಗಳನ್ನು ಇಲ್ಲಿಗೆ ತನ್ನಿ, ಜಾಗ ಕೊಡುತ್ತೇನೆ ಅಂದ. ಮನೆಯವರು ಬೇಡ ಅಂದರು. ಆತ ಅಲ್ಲೊಂದು ನೆನಪಿನ ಕಲ್ಲು ನಿಲ್ಲಿಸಿದ. ಕಲ್ಲು ಅಲ್ಲಿದೆ. ಹ್ಯಾಟಿ ಮಾತ್ರ ತನ್ನ ಜನ ಹೊತ್ತು ತಂದು ಮಲಗಿಸಿದ ಮಣ್ಣಿನಲ್ಲೇ ಇದ್ದಾಳೆ.